ಇಪ್ಪತ್ತೈದು ಅಕ್ಷರದ ಸಾಲು

ರಾತ್ರಿ ಸರಿಯಾಗಿ ಎರಡು ಗಂಟೆಗೆ ಗೋಡೆಯ ಗೂಡಿನಲ್ಲಿಟ್ಟ ಡಬ್ಬಿಯೊಳಗಿಂದ ಒಂದು ಸದ್ದು ಬರುತ್ತಿತ್ತು. ಟಿಕ್. ಹಲ್ಲಿ ಲೊಚಗುಟ್ಟುವುದಕ್ಕಿಂತ ಸಣ್ಣದು, ಒಂದು ಬಳೆ ಇನ್ನೊಂದಕ್ಕೆ ತಾಗಿದಷ್ಟು. ಅಕ್ಕನಿಗೆ ಅದರಿಂದ ಎಚ್ಚರವಾಗುತ್ತಿರಲಿಲ್ಲ. ನಾನು ಅದಕ್ಕಾಗಿಯೇ ಎಚ್ಚರವಿರುತ್ತಿದ್ದೆ. ಅದು ಕೇಳಿಸಿದ ಮೇಲೆ, ಇವತ್ತಿನದು ಸರಿಯಾಗಿ ಮುಗಿಯಿತು ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ. ಮೊದಲ ಎರಡು ತಿಂಗಳು ನಾನು ಅವಳ ಕೋಣೆಯಲ್ಲೇ ಮಲಗುತ್ತಿದ್ದೆ. ಆಮೇಲೆ ಅವಳು ರಾತ್ರಿ ಎದ್ದಾಗ ನನ್ನನ್ನು ಕಂಡು ಹೆದರತೊಡಗಿದಳು. ನಾನು ಮಹಡಿಯ ಕೋಣೆಗೆ ಹೋದೆ.

ಡಬ್ಬಿಯಲ್ಲಿ ಇರುತ್ತಿದ್ದದ್ದು ಓಲೆ. ನಮ್ಮ ಪ್ರಯೋಗಾಲಯದಲ್ಲಿ ಮಾಡಿದ್ದು. ಕಿವಿಗೆ ಹಾಕುವ ಓಲೆಯಷ್ಟೇ ಗಾತ್ರ, ತೂಕ ಎರಡು ಗ್ರಾಂ. ಹೆಸರಿಟ್ಟವರು ನನ್ನ ಜೊತೆ ಕೆಲಸ ಮಾಡುವ ನದಾಫ್ ಸರ್. ಹಿಂದಿನವರು ಮರೆಯಬಾರದ್ದನ್ನು ಬರೆದಿಡುತ್ತಿದ್ದದ್ದು ಓಲೆಯ ಮೇಲೆ, ಕಿವಿಯಲ್ಲಿ ಇಡುವುದೂ ಓಲೆಯೇ, ಇದು ಎರಡೂ ಕೆಲಸ ಮಾಡುತ್ತದೆ ಎಂದಿದ್ದರು ಅವರು. ಅದರ ತುದಿಯಲ್ಲಿ ಸಾಸಿವೆಯಷ್ಟು ಸಣ್ಣ ಕ್ಯಾಮೆರಾ ಕಣ್ಣು. ಗುರುತಿನ ಮುಖ ಎದುರಿಗೆ ಬಂದರೆ, ಹಾಕಿಕೊಂಡವರ ಕಿವಿಯಲ್ಲಿ ಮಾತ್ರ ಕೇಳುವಂತೆ, ಬಂದವರು ಯಾರೆಂದು ಒಂದೆರಡು ಪದದಲ್ಲಿ ಪಿಸುಗುಟ್ಟುತ್ತದೆ.

ಮರೆವಿನ ಕಾಯಿಲೆಯಲ್ಲಿ ಹೆಸರುಗಳು ಒಮ್ಮೆಲೇ ಅಳಿಯುವುದಿಲ್ಲ. ಹೆಸರಿಗೆ ಹೋಗುವ ಕಾಲುದಾರಿಯಲ್ಲಿ ಹುಲ್ಲು ಬೆಳೆಯುತ್ತದೆ, ಅಷ್ಟೇ. ದಿನಕ್ಕೆ ಐದಾರು ಸಲ ಕಿವಿಯಲ್ಲಿ ಬಿದ್ದ ಹೆಸರಿನ ದಾರಿ ಸವೆದು ಉಳಿಯುತ್ತದೆ. ತೊಂಬತ್ತು ದಿನ ಬೀಳದಿದ್ದರೆ ಅಲ್ಲಿ ದಾರಿಯಿತ್ತೆಂಬುದೇ ತಿಳಿಯದು. ಇದು ನಮ್ಮ ಪ್ರಯೋಗದಲ್ಲಿ ಮತ್ತೆಮತ್ತೆ ಕಂಡದ್ದು. ಇನ್ನೊಂದನ್ನೂ ಕಂಡಿದ್ದೆವು. ಓಲೆ ಹೇಳಿದ್ದನ್ನು ಮಿದುಳು ತನ್ನದೇ ನೆನಪೆಂದು ಒಪ್ಪಿಕೊಂಡುಬಿಡುತ್ತದೆ, ನಿಜವೋ ಸುಳ್ಳೋ ಎಂದು ವಿಚಾರಿಸುವುದಿಲ್ಲ. ಅದಕ್ಕೇ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಯಾರಲ್ಲಾದರೂ ತಪ್ಪು ನೆನಪು ಬೇರೂರಿದ್ದು ಕಂಡರೆ ವರದಿ ಮಾಡಬೇಕು. ಮುಂದಿನ ತೊಂಬತ್ತು ದಿನ ಅದೇ ಓಲೆಯಿಂದ ‘ಅಲ್ಲ, ಅಲ್ಲ’ ಎಂದು ಹೇಳಿಸಿ ಆ ನೆನಪನ್ನು ಕೀಳಬೇಕು.

ಹೆಸರುಗಳನ್ನು ಬರೆದುಕೊಡುವುದು ಮನೆಯವರ ಕೆಲಸ. ಸುಮ್ಮನೆ ಒಂದು ಪಟ್ಟಿ, ಸಾಲಿಗೊಬ್ಬರು, ಜೊತೆಗೊಂದು ಫೋಟೋ. ಆದರೆ ಜನ ಪಟ್ಟಿಯಲ್ಲಿ ಏನೇನೋ ಸೇರಿಸುತ್ತಾರೆ. ಹೆಸರಿನ ಮುಂದೆ ಫೋನ್ ನಂಬರು, ಬರುವ ಹೊತ್ತು, ಮದುವೆಯಾದ ಇಸವಿ. ಒಬ್ಬರ ಹೆಸರನ್ನೇ ಬೇರೆ ಬೇರೆ ಗಂಟೆ ಹಾಕಿ ನಾಲ್ಕು ಸಲ ಬರೆದಿರುತ್ತಾರೆ. ಓಲೆ ಇದನ್ನೆಲ್ಲ ಪಿಸುಗುಟ್ಟಿದರೆ ರೋಗಿಗೆ ದಿಕ್ಕು ತಪ್ಪುತ್ತದೆ. ಆದ್ದರಿಂದ ಪ್ರತಿ ರಾತ್ರಿ ಎರಡಕ್ಕೆ ಓಲೆ ತನ್ನೊಳಗಿರುವ ಪಟ್ಟಿಯ ಪ್ರತಿಯನ್ನು ತಾನೇ ಗುಡಿಸಿಕೊಳ್ಳಬೇಕು: ಅಂಕಿಗಳನ್ನೆಲ್ಲ ತೆಗೆಯಬೇಕು, ಒಂದೇ ಆದ ಸಾಲುಗಳನ್ನು ಕೂಡಿಸಬೇಕು. ಆ ಕೆಲಸ ಹೇಳುವ ಆಜ್ಞೆ ಚಿಕ್ಕದಾದಷ್ಟೂ ಅಂಗಿಯ ಗುಂಡಿಗಿಂತ ಸಣ್ಣ ಬ್ಯಾಟರಿ ಹೆಚ್ಚು ದಿನ ಬರುತ್ತದೆ.

ಆ ಆಜ್ಞೆಯನ್ನು ಬರೆದವಳು ನಾನು.

*

ನಮ್ಮಲ್ಲಿ ಶನಿವಾರ ಚಹಾದ ಹೊತ್ತಿಗೆ ಒಂದು ಆಟ ನಡೆಯುತ್ತಿತ್ತು. ಗಾಲ್ಫಿನಲ್ಲಿ ಕಡಿಮೆ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದವರು ಗೆದ್ದ ಹಾಗೆ, ಕಡಿಮೆ ಅಕ್ಷರಗಳಲ್ಲಿ ಕಂಪ್ಯೂಟರಿನಿಂದ ಕೆಲಸ ಮಾಡಿಸಿದವರು ಗೆದ್ದಂತೆ. ಹೊರಗಿನ ಜಗತ್ತು ಇದನ್ನು ಕೋಡ್ ಗಾಲ್ಫ್ ಎನ್ನುತ್ತದೆ, ನಾವು ‘ಗಿಡ್ಡ ಸಾಲು’ ಎನ್ನುತ್ತಿದ್ದೆವು. ಕಪ್ಪು ಪರದೆ, ಅದರ ಮೇಲೆ ಅಜ್ಜನ ಕಾಲದ ಸಣ್ಣ ಸಣ್ಣ ಉಪಕರಣಗಳು. ಒಂದು ಹರಿದುಹೋಗುವ ಸಾಲುಗಳಲ್ಲಿ ಬೇಕಾದ್ದನ್ನು ತಿದ್ದುತ್ತದೆ, ಒಂದು ಅಕಾರಾದಿಯಾಗಿ ಜೋಡಿಸುತ್ತದೆ. ಇವನ್ನು ಒಂದಕ್ಕೊಂದು ಪೋಣಿಸುವುದೇ ಆಟ. ಸೋತವರು ಎಲ್ಲರಿಗೂ ಮಂಡಕ್ಕಿಯ ಗಿರ್ಮಿಟ್ ತರಬೇಕು.

ಜೂನ್ ತಿಂಗಳ ಒಂದು ಶನಿವಾರ ಓಲೆಯ ರಾತ್ರಿಗೆಲಸವನ್ನೇ ಒಗಟಾಗಿ ಇಟ್ಟರು. ಗೆದ್ದ ಸಾಲು ನೇರ ಓಲೆಗೆ ಹೋಗುತ್ತದೆ ಎಂದರು.

ನದಾಫ್ ಸರ್ ಬರೆದದ್ದು ನಲವತ್ತೇಳು ಅಕ್ಷರ. ಅವರಿಗೆ ಐವತ್ತೈದು ದಾಟಿತ್ತು. ಗದಗಿನ ಮುದ್ರಣಾಲಯವೊಂದರಲ್ಲಿ ಹದಿನಾರು ವರ್ಷ ಕನ್ನಡ ಅಕ್ಷರ ಜೋಡಿಸಿ, ಆಮೇಲೆ ಓದಿ, ಇಲ್ಲಿಗೆ ಬಂದವರು. ನಾನು ಒಂದು ಗಂಟೆ ತಲೆ ತಗ್ಗಿಸಿ ಕೂತು ಇಪ್ಪತ್ತೈದಕ್ಕೆ ಇಳಿಸಿದೆ. ಎರಡು ಬದಿಯ ಉದ್ಧರಣ ಚಿಹ್ನೆಗಳನ್ನು ಕೂಡ ಕಿತ್ತುಹಾಕಿದ್ದೆ.

sed s/[0-9೦-೯]//g|sort -u

ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ, ಇಂಗ್ಲಿಷಿನದಿರಲಿ ಕನ್ನಡದ್ದಿರಲಿ, ಎಲ್ಲಿದ್ದರೂ ಅಳಿಸು. ಆಮೇಲೆ ಜೋಡಿಸು, ಎರಡೆರಡು ಸಲ ಇದ್ದದ್ದನ್ನು ಒಂದು ಮಾಡು. ಅಷ್ಟೇ ಅದರ ಅರ್ಥ.

ನದಾಫ್ ಸರ್ ಕನ್ನಡಕ ಮೇಲೇರಿಸಿ ನೋಡಿದರು. “ಚಂದ ಐತ್ರಿ ಮೇಡಂ. ಆದ್ರ ನಾ ಹೆಚ್ಚಿಗಿ ಹಾಕಿದ್ದು ಸುಮ್ನ ಹಾಕಿಲ್ರಿ. ಸೊನ್ನಿ ಎರಡು ಅದಾವು. ಒಂದು ಅಂಕಿ, ಒಂದು ಅಕ್ಷರ. ಮಾರಿ ಒಂದ, ಮನಿತನ ಬ್ಯಾರೆ.”

“ಗೊತ್ತೈತ್ರಿ ಸರ್. ಅಂಕಿ ಸೊನ್ನಿಯಷ್ಟ ನಾ ಅಳಿಸೂದು. ಅಂಗಡಿ, ಸಂಜೆ ಅನ್ನೋ ಸೊನ್ನಿ ಹಂಗ ಉಳೀತೈತಿ.”

“ಕಂಪ್ಯೂಟರಿಗೆ ಗೊತ್ತಾಗ್ತೈತ್ರಿ, ಮಂದಿಗೆ ಗೊತ್ತಾಗಬೇಕಲ್ಲ. ಅಕ್ಷರದ ಸೊನ್ನಿ ಇಡೂ ಜಾಗಾದಾಗ ಅಂಕಿ ಸೊನ್ನಿ ಒತ್ತಿಬಿಡ್ತಾರ. ನಮ್ಮ ಪ್ರೆಸ್ಸಿನ್ಯಾಗ ಒಂದು ಲಗ್ನಪತ್ರಿಕಾ ತುಂಬ ಬರೇ ಅಂಕಿ ಸೊನ್ನಿ ಇದ್ವು. ಕಣ್ಣಿಗೆ ಏನೂ ಫರಕ್ ಇಲ್ಲ. ಅದಕ್ಕ ನಾ ಮೊದಲ, ಅಕ್ಷರದ ಬೆನ್ನಿಗೆ ಹತ್ತಿದ ಸೊನ್ನಿ ಇದ್ರ ಅದನ್ನ ಅಕ್ಷರ ಮಾಡಿ, ಆಮ್ಯಾಲೆ ಅಂಕಿ ಅಳಸಾಕ ಹೇಳೀನಿ.”

“ಆ ಕಾಲ ಹೋತ್ರಿ ಸರ್. ಈಗ ಯಾರು ಹಂಗ ಟೈಪ್ ಮಾಡ್ತಾರ?” ಎಂದೆ. ಎಲ್ಲರೂ ನಕ್ಕರು. ಆಗ ಪ್ರಯೋಗದಲ್ಲಿದ್ದ ಹತ್ತೂ ಜನರ ಪಟ್ಟಿಗಳ ಮೇಲೆ ನನ್ನ ಸಾಲನ್ನು ಓಡಿಸಿ ನೋಡಿದೆವು. ಒಂದು ಸೊನ್ನೆಯೂ ಕಳೆಯಲಿಲ್ಲ. ಬ್ಯಾಟರಿ ಒಂಬತ್ತು ದಿನ ಹೆಚ್ಚು ಬರುವ ಲೆಕ್ಕ ಸಿಕ್ಕಿತು.

“ಸೋತೆ ತಗೋರಿ,” ಎಂದು ನದಾಫ್ ಸರ್ ಗಿರ್ಮಿಟ್ ತರಲು ಎದ್ದರು. “ಹಸಿ ಮೆಣಸಿನಕಾಯಿ ನಿಮ್ಮ ಪಾಲಿಗೆ ಎರಡು ಹೆಚ್ಚಿಗಿ ಹಾಕಸ್ತೀನಿ.”

ನಾನು ಬಾಗಿಲು ಹಾಕಿ ಎರಡು ಸಲ ಎಳೆದು ನೋಡುವವಳು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ತಿರುಗಿ ಬರುವವಳು. ಯಾರೇ ಎಚ್ಚರಿಕೆ ಹೇಳಿದರೂ ಕೇಳುವವಳು. ಅದೊಂದು ದಿನ ಗೆಲ್ಲಬೇಕೆನ್ನಿಸಿತು.

*

ಅಕ್ಕ, ನೀಲಗಂಗಾ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಧಾರವಾಡದ ಅರ್ಧ ಊರಿನ ನಂಬರುಗಳು ಒಂದು ಕಾಲಕ್ಕೆ ಅವಳ ಬಾಯಲ್ಲಿದ್ದವು. ಮದುವೆಯಾಗಲಿಲ್ಲ. ನಾನೂ ಆಗಲಿಲ್ಲ. ಅವಳಿಗೆ ಅರವತ್ತೆರಡು ತುಂಬುವ ಹೊತ್ತಿಗೆ ಹಾಲಿನವನ ಹೆಸರು ಹೋಯಿತು, ಆಮೇಲೆ ವಾರಗಳ ಹೆಸರು. ಜುಲೈನಲ್ಲಿ ಅವಳನ್ನು ಪ್ರಯೋಗಕ್ಕೆ ಹನ್ನೊಂದನೆಯವಳಾಗಿ ಸೇರಿಸಿದೆ. ನಾನೇ ಕಂಪ್ಯೂಟರಿನ ಮುಂದೆ ಕೂತು ಪಟ್ಟಿ ಟೈಪ್ ಮಾಡಿದೆ.

ನನ್ನನ್ನು ಅವಳು ಎಂದೂ ಹೆಸರು ಹಿಡಿದು ಕರೆದವಳಲ್ಲ. ಅವಳ ಪಾಲಿಗೆ ನಾನು ತಂಗಿ. ಹಾಗಾಗಿ ನನ್ನ ಫೋಟೋದ ಮುಂದೆ ‘ತಂಗಿ’ ಎಂದೇ ಬರೆದೆ. ಅವಳನ್ನು ನೋಡಿಕೊಳ್ಳಲು ಅಮ್ಮಿನಭಾವಿಯಿಂದ ಬಸ್ಸಿನಲ್ಲಿ ಬರುತ್ತಿದ್ದವಳ ಹೆಸರು ಮಂಗಳ, ಮೂವತ್ತರ ಆಸುಪಾಸಿನ ಹೆಂಗಸು. ಅವಳಿಗೆ ‘ಮಂಗಳ’. ಓಣಿಯ ತಿರುವಿನಲ್ಲಿ ಕಿರಾಣಿ ಇಟ್ಟಿರುವ ಶೇಖಪ್ಪನಿಗೆ ‘ಅಂಗಡಿ ಶೇಖಪ್ಪ’. ಹೀಗೆ ಇಪ್ಪತ್ತು ಇಪ್ಪತ್ತೆರಡು ಸಾಲು.

ಓಲೆ ಹಾಕಿದ ಮರುದಿನ ಬೆಳಿಗ್ಗೆ ನಾನು ಚಹಾ ಹಿಡಿದು ಎದುರಿಗೆ ಹೋದೆ. ಅಕ್ಕ ನನ್ನನ್ನು ನೋಡಿದಳು. ಏನೋ ಕೇಳಿಸಿಕೊಂಡವಳಂತೆ ತಲೆ ಓರೆ ಮಾಡಿದಳು. ಕೈ ಎತ್ತಿ ಓಲೆ ಬಿಚ್ಚಿ ನನ್ನ ಮುಂದೆ ಹಿಡಿದಳು.

“ಯಾಕ ಅಕ್ಕಾ, ಚುಚ್ತೈತೇನು?”

“ಇಲ್ಲ ತಂಗಿ. ತಗದೆ ನೋಡು, ಆತಿಲ್ಲೋ?”

ಮತ್ತೆ ಹಾಕಿದೆ. ಮತ್ತೆ ತೆಗೆದಳು. ಸಂಜೆ ಕೆಲಸದಿಂದ ಬಂದಾಗಲೂ ಅದೇ. ನಾನು ಹೊಸ್ತಿಲು ದಾಟುವಷ್ಟರಲ್ಲಿ ಅವಳ ಕೈ ಕಿವಿಗೆ ಹೋಗುತ್ತಿತ್ತು. ಬೇರೆ ಯಾರು ಬಂದರೂ ಹಾಗೆ ಮಾಡುತ್ತಿರಲಿಲ್ಲ. ಮಂಗಳ ಬಂದರೆ ಓಲೆ ಇದ್ದ ಹಾಗೇ ಇರುತ್ತಿತ್ತು. ಅಷ್ಟೇ ಅಲ್ಲ, ಅಕ್ಕನ ಮುಖದ ಮೇಲೆ ನಾನು ಎಷ್ಟೋ ವರ್ಷಗಳಿಂದ ಕಾಣದಿದ್ದದ್ದೊಂದು ಬರುತ್ತಿತ್ತು. ಮೊದಲ ವಾರ ಅದು ಬೆರಗು. ಎರಡನೆಯ ವಾರಕ್ಕೆ, “ಯಾವಾಗ ಬಂದಿ? ಉಂಡಿಯಿಲ್ಲೋ? ಮಾರಿ ಎಷ್ಟು ಬಾಡೇತಿ ನೋಡು,” ಎಂದು ಅವಳ ಗಲ್ಲ ಹಿಡಿದು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಅವಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳಂತೆ. ಮಂಗಳಳೇ ನಾಚಿಕೊಂಡು ಹೇಳಿದಳು.

ಆಗಸ್ಟ್ ಮುಗಿಯುವ ಹೊತ್ತಿಗೆ ಅಕ್ಕ ಅವಳನ್ನು ‘ನನ್ನ ಮಗಳ’ ಎನ್ನತೊಡಗಿದಳು. ನನ್ನನ್ನು ‘ನೀ’ ಎನ್ನುವುದು ಬಿಟ್ಟು ‘ನೀವು’ ಎನ್ನತೊಡಗಿದಳು.

ನಾನು ಗಮನಿಸುತ್ತಲೇ ಇದ್ದೆ. ಗಮನಿಸುವುದೇ ನನ್ನ ಸ್ವಭಾವ, ಆದರೆ ಕಂಡದ್ದಕ್ಕೆಲ್ಲ ಒಂದೇ ಅರ್ಥ ಹಚ್ಚಿದೆ. ಅಕ್ಕನಿಗೆ ತಂಗಿ ಎಂಬ ಮಾತು ಕೇಳುವುದೇ ಬೇಡವಾಗಿದೆ, ಅದಕ್ಕೇ ನಾನು ಕಂಡ ಕೂಡಲೇ ಓಲೆ ತೆಗೆಯುತ್ತಾಳೆ. ಹಾಗೆಂದುಕೊಳ್ಳಲು ನನ್ನಲ್ಲಿ ಕಾರಣವಿತ್ತು.

ಇಪ್ಪತ್ತಮೂರು ವರ್ಷದ ಹಿಂದೆ ಅಕ್ಕ ಹುಬ್ಬಳ್ಳಿಯ ಅನಾಥಾಲಯವೊಂದರಿಂದ ಎರಡು ವರ್ಷದ ಹೆಣ್ಣುಕೂಸನ್ನು ದತ್ತು ತರಬೇಕೆಂದಿದ್ದಳು. ನಾಲ್ಕು ಸಲ ಹೋಗಿ ನೋಡಿ ಬಂದಿದ್ದಳು. ಕೂಸು ಅವಳ ವ್ಯಾನಿಟಿ ಬ್ಯಾಗಿನ ಹಿಡಿಕೆಯನ್ನು ಬಿಡುತ್ತಿರಲಿಲ್ಲವಂತೆ. ಅರ್ಜಿ ತುಂಬಿ ತಂದು ನನ್ನ ಮುಂದಿಟ್ಟಳು. ನಾನು ಎರಡು ಸಲ ಓದಿ, ಹೇಳಿದೆ: “ಇನ್ನೊಂದ್ಸಲ ವಿಚಾರ ಮಾಡು ಅಕ್ಕಾ. ನಾಳೆ ನಿನಗ ಏನರ ಆದ್ರ ಆ ಕೂಸಿನ ಗತಿ ಏನು?” ಬೇಡ ಎಂದು ನಾನು ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ಅವಳು ಅರ್ಜಿಯನ್ನು ಮಡಿಚಿ ಟ್ರಂಕಿನ ತಳದ ಪೇಪರಿನ ಕೆಳಗೆ ಸೇರಿಸಿದಳು. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ.

ಈಗ ಉಳಿದದ್ದೆಲ್ಲ ಅಳಿಯುತ್ತಿರುವಾಗ ಆ ಸಿಟ್ಟೊಂದು ಮೇಲೆ ಬಂದಿರಬೇಕು ಎಂದುಕೊಂಡೆ. ಇನ್ನೂ ಕೆಟ್ಟದ್ದನ್ನೂ ಯೋಚಿಸಿದೆ. ಸೆಪ್ಟೆಂಬರಿನಲ್ಲಿ ಒಂದು ದಿನ ಮಂಗಳಳನ್ನು ಹಿತ್ತಲಿಗೆ ಕರೆದೆ.

“ಮಗಳ ಮಗಳ ಅಂತಾಳಲ್ಲ, ನೀನ ಹೇಳಿಕೊಟ್ಟಿಯೇನು?”

ಅವಳು ಒಗೆಯುತ್ತಿದ್ದ ಸೀರೆಯನ್ನು ಕಲ್ಲಿನ ಮೇಲೆ ಬಿಟ್ಟಳು. “ಏನಂದ್ರಿ ಸಣ್ಣಕ್ಕಾರ?”

“ಈ ಮನಿ ಆಕಿ ಹೆಸರಿನ್ಯಾಗೈತಿ. ನನಗೂ ತಿಳೀತೈತಿ.”

ಮಂಗಳ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಹೇಳಿದಳು, “ನಮ್ಮವ್ವ ಇನ್ನೂ ಜೀವಂತ ಅದಾಳ್ರೀ. ನನಗ ಇನ್ನೊಬ್ಬಾಕಿ ಅವ್ವ ಬೇಕಾಗಿಲ್ಲ. ನಾಳಿಂದ ಬ್ಯಾಡ ಅಂದ್ರ ಬಿಡ್ತೀನಿ. ಆದ್ರ ದೊಡ್ಡಕ್ಕಾರು ಊಟಕ್ಕ ನನ್ನ ದಾರಿ ಕಾಯ್ತಾರ, ಅದನ್ನ ವಿಚಾರ ಮಾಡ್ರಿ.”

ಬಿಡು ಎನ್ನುವ ಧೈರ್ಯ ನನಗಾಗಲಿಲ್ಲ. ತಪ್ಪಾಯಿತು ಎನ್ನಲೂ ಇಲ್ಲ. ಆ ವಾರವೇ ಅಕ್ಕ ರಾತ್ರಿ ಎದ್ದು, ಪಕ್ಕದ ಮಂಚದಲ್ಲಿ ನನ್ನನ್ನು ಕಂಡು ಚೀರಿದ್ದು. ಹಾಸಿಗೆ ಸುತ್ತಿಕೊಂಡು ಮೇಲೆ ಹೋದೆ.

*

ಅಕ್ಟೋಬರ್ ಕೊನೆಯಲ್ಲಿ ಒಂದು ಸಂಜೆ ಶೇಖಪ್ಪನ ಅಂಗಡಿಯಲ್ಲಿ ಸಕ್ಕರೆ ತೂಗಿಸುತ್ತಿದ್ದೆ.

“ದೊಡ್ಡಕ್ಕಾರು ನನ್ನ ಊರ ಬದಲಿ ಮಾಡ್ಯಾರ್ರೀ,” ಎಂದು ಅವನು ನಕ್ಕ. “ಮಂಗಳವ್ವನ ಕೂಡ ಇಲ್ಲಿ ಬಂದಾಗೊಮ್ಮೆ, ‘ಅಗಡಿ ಕಡೆ ಮಳಿ ಹೆಂಗೈತೋ ಶೇಖಪ್ಪಾ?’ ಅಂತ ಕೇಳ್ತಾರ. ನಾ ಹುಟ್ಟಿದ್ದು ಇದ ಓಣ್ಯಾಗ. ಅಗಡಿ ಯಾವ ದಿಕ್ಕಿಗೈತಿ ಅಂತ ಸೈತ ನನಗ ಗೊತ್ತಿಲ್ಲ. ಹಾವೇರಿ ಕಡೆ ಏನ್ರೀ ಅದು?”

“ಮರವು, ಶೇಖಪ್ಪ. ಬ್ಯಾಸರ ಮಾಡ್ಕೋಬ್ಯಾಡ.”

“ಛೆ ಛೆ, ಬ್ಯಾಸರ ಯಾಕ್ರಿ. ‘ಮಳಿ ಛಲೋ ಆಗೇತ್ರಿ’ ಅಂತೀನಿ. ಖುಷಿ ಆಗ್ತಾರ.”

ಹತ್ತು ಹೆಜ್ಜೆ ನಡೆದು ಬಂದಿದ್ದೆ. ಅಂಗಡಿ ಶೇಖಪ್ಪ. ಅಗಡಿ ಶೇಖಪ್ಪ.

ಸಕ್ಕರೆಯ ಪೊಟ್ಟಣ ಹಿಡಿದೇ ಪ್ರಯೋಗಾಲಯಕ್ಕೆ ಹೋದೆ. ಮನೆಯ ಫೋನಿನಲ್ಲಿ ಕಾಣುವುದು ನಾನು ಟೈಪ್ ಮಾಡಿದ ಪಟ್ಟಿ, ಅದರಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಓಲೆಯೊಳಗಿನ ಪ್ರತಿಯನ್ನು ನಾಲ್ಕು ತಿಂಗಳಲ್ಲಿ ಒಮ್ಮೆಯೂ ತೆಗೆದು ನೋಡಿರಲಿಲ್ಲ. ಅಂದು ತೆಗೆದೆ. ಅಕಾರಾದಿಯಾಗಿ ಜೋಡಿಸಿದ ಸಾಲುಗಳು. ಮೊದಲನೆಯದೇ ಅಗಡಿ ಶೇಖಪ್ಪ. ನಡುವೆ ಒಂದು ಸಾಲು: ತಗಿ. ಕೆಳಗೆ ಇನ್ನೊಂದು: ಮಗಳ.

ನಾನು ನನ್ನ ಕೈಯನ್ನು ನೋಡಿಕೊಂಡೆ. ಬಿ.ಎಸ್ಸಿ. ಮುಗಿಸಿದ ಮೇಲೆ ಒಂದು ಗ್ರಂಥಾಲಯದ ಹಳೆಯ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮಾಡಿದ್ದೆ. ದಿನಕ್ಕೆ ಮುನ್ನೂರು ಕಾರ್ಡು. ಅಕ್ಷರದ ಸೊನ್ನೆಗೆ ಎರಡು ಕೀಲಿ ಒಟ್ಟಿಗೆ ಒತ್ತಬೇಕು, ಅಂಕಿಯ ಸೊನ್ನೆಗೆ ಒಂದೇ. ಕಣ್ಣಿಗೆ ಎರಡೂ ಒಂದು, ಬಾಯಿಗೂ ಒಂದು: ಸೊನ್ನೆ. ಯಾವ ದಿನ ಬೆರಳು ಒಂದೇ ಕೀಲಿಗೆ ಒಗ್ಗಿಕೊಂಡಿತೋ ನನಗೆ ತಿಳಿದೇ ಇರಲಿಲ್ಲ. ಪಟ್ಟಿಯಲ್ಲಿ ನಾನು ಒತ್ತಿದ ಸೊನ್ನೆಗಳನ್ನೆಲ್ಲ ನನ್ನ ಸಾಲು ಅಂಕಿಯೆಂದು ಅಳಿಸಿಹಾಕಿತ್ತು. ಈಗ ಯಾರು ಹಾಗೆ ಟೈಪ್ ಮಾಡುತ್ತಾರೆ ಎಂದು ನಾನು ಕೇಳಿದಾಗ, ಹಾಗೆ ಟೈಪ್ ಮಾಡುವವಳು ಆ ಕೋಣೆಯಲ್ಲಿ ಒಬ್ಬಳೇ ಇದ್ದಳು.

ಉಳಿದ ಹತ್ತು ಪಟ್ಟಿಗಳನ್ನೂ ಒಂದೊಂದಾಗಿ ತೆಗೆದು ನೋಡಿದೆ. ಒಂದರಲ್ಲೂ ತಪ್ಪಿರಲಿಲ್ಲ. ಅವರೆಲ್ಲ ಫೋನಿನಲ್ಲಿ ಟೈಪ್ ಮಾಡಿದವರು.

ತಗಿ. ನಾನು ಎದುರಿಗೆ ಬಂದಾಗಲೆಲ್ಲ ಓಲೆ ಅವಳ ಕಿವಿಯಲ್ಲಿ ಹೇಳುತ್ತಿದ್ದದ್ದು ಅದು. ನಮ್ಮ ಕಡೆ ಬಾಗಿಲು ತಗಿ, ಚಪ್ಪಲಿ ತಗಿ ಎನ್ನುತ್ತೇವಲ್ಲ, ಆ ತಗಿ. ನಾನೇ ಹೇಳುತ್ತಿದ್ದೇನೆಂದು ತಿಳಿದು ಅವಳು ತೆಗೆದಿದ್ದಳು. “ತಗದೆ ನೋಡು, ಆತಿಲ್ಲೋ?” ಅವಳು ಸಿಟ್ಟಾಗಿರಲಿಲ್ಲ. ನಾನು ಹೇಳಿದ ಹಾಗೆ ಕೇಳಿದ್ದಳು. ಯಾವತ್ತೂ ಕೇಳುತ್ತಿದ್ದ ಹಾಗೆ.

“ಏನಾತ್ರಿ ಮೇಡಂ, ಇಷ್ಟೊತ್ತಿನ್ಯಾಗ?” ನದಾಫ್ ಸರ್ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಮನೆಗೆ ಹೊರಟ ಚೀಲ.

ಪರದೆ ಆರಿಸಿದೆ. “ಏನಿಲ್ರಿ ಸರ್. ನಿಮ್ಮ ಸಾಲು ಹಾಕೂನು ಅನಿಸ್ತು. ನಲವತ್ತೇಳು ಅಕ್ಷರದ್ದು.”

“ಅಲಾ! ಗೆದ್ದವ್ರ ಸೋಲು ಒಪ್ಪಿಕೊಂಡ್ರ? ಹಂಗಾದ್ರ ನನ್ನ ಗಿರ್ಮಿಟ್ ವಾಪಸ್ ಬರಬೇಕಲ್ರಿ.” ನಕ್ಕು, ಮತ್ತೆ ಸಣ್ಣ ದನಿಯಲ್ಲಿ ಕೇಳಿದರು, “ಯಾರ ಪಟ್ಟಿಯೊಳಗರ ಸಿಕ್ತೇನ್ರೀ ಅಂಥ ಸೊನ್ನಿ?”

“ಇನ್ನೂ ನೋಡಾಕತ್ತೀನಿ. ನೋಡಿ ಹೇಳ್ತೀನ್ರಿ.”

“ಹೇಳ್ರಿ ಮತ್ತ. ಸಿಕ್ರ ಬರೀ ಸಾಲು ಬದಲಿ ಮಾಡಿದ್ರ ಮುಗಿಯಂಗಿಲ್ಲ, ತಿಳೀತಿಲ್ರೀ? ತಲಿಯಾಗ ಕುಂತದ್ದನ್ನೂ ತಗೀಬೇಕಾಗ್ತೈತಿ.”

ತಿ‍ಳಿದಿತ್ತು. ಅದರ ಇನ್ನೊಂದು ಬದಿಯೂ ತಿಳಿದಿತ್ತು. ಆರನೆಯ ರೋಗಿಯಲ್ಲಿ, ತಪ್ಪು ನೆನಪನ್ನು ಕಿತ್ತ ಮೇಲೆ ಅದರಡಿ ಮುಚ್ಚಿಹೋಗಿದ್ದ ಹಳೆಯ ಹೆಸರೊಂದು ತಾನಾಗಿ ಎದ್ದು ಬಂದಿತ್ತು. ಒಬ್ಬರಲ್ಲಿ ಮಾತ್ರ. ಆದರೂ ಬಂದಿತ್ತು.

*

ನದಾಫ್ ಸರ್ ಬರೆದ ಸಾಲು, ಮೂಲ ಪಟ್ಟಿಗಳ ಹೊಸ ಪ್ರತಿಯ ಜೊತೆ, ಆ ರಾತ್ರಿಯೇ ಎಲ್ಲ ಓಲೆಗಳಿಗೂ ಹೋಯಿತು. ಬೆಳಿಗ್ಗೆ ಮೆಟ್ಟಿಲಿಳಿದು ಅಕ್ಕನ ಎದುರು ನಿಂತೆ. ಅವಳ ತಲೆ ಓರೆಯಾಯಿತು. ಕೈ ಕಿವಿಗೆ ಹೋಗಲಿಲ್ಲ.

“ತಂಗಿ ಅಂತೈತಿ ಇದು,” ಎಂದಳು ಅಕ್ಕ. “ಯಾರ ತಂಗಿ?”

“ನಿನ್ನ ತಂಗಿ, ಅಕ್ಕಾ. ನಾನು.”

ಅವಳು ಮರ್ಯಾದೆಗೆ ನಕ್ಕಳು. ಪರಿಚಯವಿಲ್ಲದವರು ಅತಿ ಸಲಿಗೆ ತೋರಿದಾಗ ನಗುವ ಹಾಗೆ. “ನೀವು ಮ್ಯಾಲಿನ ಕೋಲಿಗೆ ಬಾಡಿಗಿಗೆ ಬಂದವ್ರಲ್ಲೇನ್ರಿ? ನೀರು ಬರ್ತಾವಿಲ್ರೀ ಸರಿಯಾಗಿ?”

“ಬರ್ತಾವ್ರಿ,” ಎಂದೆ.

ಮಂಗಳ ಬಂದಳು. ಈಗ ಓಲೆ ಅವಳ ಹೆಸರನ್ನು ಸರಿಯಾಗಿ ಹೇಳಿರಬೇಕು. ಅಕ್ಕ ಚಪ್ಪಾಳೆ ತಟ್ಟಿದಳು. “ನೋಡಿದ್ರ್ಯಾ! ಇವತ್ತು ಇದಕ್ಕೂ ನನ್ನ ಮಗಳ ಹೆಸರು ಗೊತ್ತಾತು. ಮಂಗಳ ಅಂತ ನಾನ ಇಟ್ಟದ್ರೀ ಈಕಿಗೆ.”

ಎಂಟು ದಿನ ಪ್ರಯತ್ನಿಸಿದೆ. ದಿನಕ್ಕೆ ಆರು ಸಲವಲ್ಲ, ಹತ್ತು ಸಲ, ಹದಿನೈದು ಸಲ ಎದುರಿಗೆ ಹೋದೆ. ಪ್ರತಿ ಸಲವೂ ಓಲೆ ತಂಗಿ ಎಂದಿತು, ಪ್ರತಿ ಸಲವೂ ಅವಳು ಸುತ್ತ ನೋಡಿ ಯಾರದೋ ತಂಗಿಯನ್ನು ಹುಡುಕಿದಳು. ನದಾಫ್ ಸರ್ ಎರಡು ಸಲ ಕೇಳಿದರು. ನೋಡುತ್ತಿದ್ದೇನೆ ಎಂದೆ. ವರದಿಯ ನಮೂನೆಯನ್ನು ಅರ್ಧ ತುಂಬಿ ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ‘ಅಲ್ಲ, ಅಲ್ಲ’ ಎಂದು ತೊಂಬತ್ತು ದಿನ ಹೇಳಿಸಿದರೆ ಮಗಳು ಹೋಗುತ್ತಾಳೆ, ತಂಗಿ ಬಂದರೂ ಬರಬಹುದು. ನಿಯಮವೂ ಅದೇ. ಇಷ್ಟು ಸರಿಯಾದ ಕೆಲಸ ಮಾಡಲು ನಾನು ಯಾಕೆ ತಡಮಾಡುತ್ತಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ.

ಒಂಬತ್ತನೆಯ ದಿನ ಭಾನುವಾರ. ಮಂಗಳ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಒಂದು ಹಿಡಿ ತೆಗೆದುಕೊಂಡೆ. ಓಲೆ ಪಿಸುಗುಟ್ಟಿರಬೇಕು, ಅವಳು ನನ್ನತ್ತ ತಿರುಗಿದಳು.

“ಇದು ತಂಗಿ ತಂಗಿ ಅಂದಾಗೊಮ್ಮೆ ನೆನಪಾಗ್ತೈತ್ರಿ. ನನಗೂ ಒಬ್ಬಾಕಿ ತಂಗಿ ಇದ್ಲು.”

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. “ಹೆಂಗಿದ್ಲರೀ?”

“ಭಾಳ ಶಾಣ್ಯಾ. ಭಾಳ ಅಂಜುಬುರುಕಿ. ಈ ಮಂಗಳನ್ನ ತರೋ ಮುಂದ ಆಕಿನ್ನ ಕೇಳಿದ್ನಿ. ಎರಡು ವರ್ಷದ ಕೂಸ್ರೀ ಇದು ಆವಾಗ, ನನ್ನ ಬ್ಯಾಗಿನ ಹಿಡಿಕಿ ಬಿಡ್ತಿದ್ದಿಲ್ಲ. ಆಕಿ ಏನಂದ್ಲು ಗೊತ್ತೈತೇನ್ರಿ? ‘ನಾಳೆ ನಿನಗ ಏನರ ಆದ್ರ ಕೂಸಿನ ಗತಿ ಏನು’ ಅಂದ್ಲು.” ಅಕ್ಕ ಒಂದು ಕಾಯಿ ಬಿಡಿಸಿ ಕಾಳನ್ನು ತಟ್ಟೆಗೆ ಉದುರಿಸಿದಳು. “ಆಕಿ ಮಾತು ನಾ ಯಾವಾಗೂ ಮೀರಿದಾಕಿ ಅಲ್ಲ. ಅದೊಂದು ಸಲ ಕೇಳಲಿಲ್ಲ ನೋಡ್ರಿ. ಹೋಗಿ ತಂದುಬಿಟ್ಟೆ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಮಂಗಳ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

“ಈಗ ನೋಡ್ರಿ, ನನಗ ಏನೋ ಆಗೇತಿ ಅಂತಾರ,” ಎಂದಳು ಅಕ್ಕ. “ಆದ್ರ ಕೂಸಿಗೆ ಏನೂ ಆಗಿಲ್ಲ. ಅದ ನನ್ನ ನೋಡ್ಕೊಳ್ಳಾಕತ್ತೈತಿ. ನಾ ಮಾಡಿದ್ದು ತಪ್ಪಾತೇನ್ರಿ?”

ಒಂದೊಂದು ಪದವನ್ನೂ ತೂಗಿ ಆಡುವವಳು ನಾನು. ಆಗ ತೂಗಲಿಲ್ಲ.

“ಇಲ್ರಿ ಅಕ್ಕಾರ,” ಎಂದೆ. “ಭಾಳ ಛಲೋ ಮಾಡಿದ್ರಿ.”

“ಹೌದಲ್ರೀ?” ಎಂದು ಅವಳು ಮತ್ತೆ ಅವರೆಕಾಯಿಗೆ ಕೈ ಹಾಕಿದಳು. “ಆ ತಂಗಿ ಎಲ್ಲಿ ಹೋದ್ಲೋ ಏನೋ. ಸಿಕ್ಕಿದ್ರ ಹೇಳ್ತಿದ್ದೆ, ಹೆದರಬ್ಯಾಡ, ಎಲ್ಲಾ ಛಲೋ ಆತು ಅಂತ.”

ಮಧ್ಯಾಹ್ನ ಅಕ್ಕ ಮಲಗಿದ ಮೇಲೆ ಮಂಗಳ ಮೆಟ್ಟಿಲ ಬುಡಕ್ಕೆ ಬಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ಸಣ್ಣಕ್ಕಾರ, ಕಟ್ಟಿ ಮ್ಯಾಲಿನ ಮಾತು ನಾ ಕೇಳಿದ್ನಿರಿ. ಖರೇ ಹೇಳಿಬಿಡೂನೇನ್ರಿ ಅವ್ರಿಗೆ? ನಾ ಯಾರು, ನೀವು ಯಾರು ಅಂತ? ಪಾಪ, ನೀವು ದಿನಾ ಬಂದು ನಿಂದರೂದು ನೋಡವಲ್ಲದಾಗೇತಿ. ಇದು ಹೆಂಗ ಆತು ಅಂತರ ನಿಮಗ ಗೊತ್ತೇನ್ರಿ?”

“ಇಲ್ಲ,” ಎಂದೆ. “ಮರವಿಗೆ ಹೆಂಗ ಏನು ಅಂತ ಇರಂಗಿಲ್ಲ ಮಂಗಳಾ. ಅವತ್ತು ಹಿತ್ತಲದಾಗ ನಾ ಅಂದದ್ದು ತಪ್ಪಾತು. ಮನಸ್ಸಿನ್ಯಾಗ ಇಟ್ಕೋಬ್ಯಾಡ.”

ಅವಳು ತಲೆ ತಗ್ಗಿಸಿದಳು. “ಇಟ್ಕೊಂಡಿಲ್ರಿ.” ಆಮೇಲೆ, “ಸಂಜೀಕ ಅವರೆಕಾಳಿನ ಸಾರು ಮಾಡ್ತೀನಿ, ಕೆಳಗ ಬರ್ರಿ. ಬಾಡಿಗಿಯವ್ರನ್ನೂ ಊಟಕ್ಕ ಕರಿ ಅಂದಾರ ದೊಡ್ಡಕ್ಕಾರು.”

ಬರುತ್ತೇನೆ ಎಂದೆ. ಮೇಲೆ ಹೋಗಿ ಚೀಲದಿಂದ ವರದಿಯ ನಮೂನೆ ತೆಗೆದು, ಹರಿದು, ಹರಿದದ್ದನ್ನು ಮತ್ತೆ ಹರಿದೆ. ಮಾಡಿದ್ದು ಸರಿಯೆಂದು ನನಗೆ ಈಗಲೂ ಅನ್ನಿಸಿಲ್ಲ. ನಾಳೆ ಸೋಮವಾರ, ನದಾಫ್ ಸರ್ ಚೀಲ ಇಡುವ ಮೊದಲೇ ಕೇಳುತ್ತಾರೆ. ಹನ್ನೊಂದೂ ಪಟ್ಟಿಗಳನ್ನು ನೋಡಿದೆ ಸರ್, ಯಾರದರಲ್ಲೂ ಸಿಗಲಿಲ್ಲ ಎಂದು ಹೇಳುತ್ತೇನೆ.